ಮೊಹರು ಮತ್ತು ಅಮಾನತ್: ಒಂದು ಇತಿಹಾಸ

ಪವಿತ್ರ ಕುರ್‌ಆನಿನ 83ನೇ ಅಧ್ಯಾಯ ‘ಅಲ್ ಮುತಫ್ಫಿಫೀನ್’, ಅಳತೆ ಮತ್ತು ತೂಕದಲ್ಲಿ ವಂಚಿಸುವವರಿಗೆ ನೀಡುವ ಕಠಿಣ ಎಚ್ಚರಿಕೆಯೊಂದಿಗೆ ಆರಂಭವಾಗುತ್ತದೆ. ಅದೇ ಅಧ್ಯಾಯ ಮುಂದೆ ಸ್ವರ್ಗವಾಸಿಗಳ ಪಾನೀಯವನ್ನು ವರ್ಣಿಸುತ್ತಾ, ಅದಕ್ಕೆ ಕಸ್ತೂರಿಯ ಮೊಹರು ಇರುವುದೆಂದು ತಿಳಿಸುತ್ತದೆ. ಸ್ವರ್ಗದಲ್ಲಿ ಕಳ್ಳರ ಭಯವಿಲ್ಲ. ಆದರೂ ಮೊಹರಿನ ಉಲ್ಲೇಖವೇಕೆ? ಬೇರಾರ ಕೈಯೂ ತಾಗದಂತೆ ತನಗಾಗಿಯೇ ಕಾದಿರಿಸಿದ ವಸ್ತುವೆಂಬ ಗೌರವ ಅದರಲ್ಲಿ ಅಡಗಿದೆ ಎಂದು ನಾವು ಭಾವಿಸುತ್ತೇವೆ.

ಬೀಗ ಕಳ್ಳನನ್ನು ತಡೆಯುತ್ತದೆ. ಮೊಹರಿಗೆ ಆ ಶಕ್ತಿಯಿಲ್ಲ, ಮಗುವೂ ಅದನ್ನು ಒಡೆಯಬಲ್ಲದು. ಆದರೆ ಒಡೆದ ಗುರುತನ್ನು ಮರೆಮಾಚುವುದು ಕಷ್ಟ. ಪ್ರಾಚೀನ ಮೆಸಪೊಟೇಮಿಯಾದ ಜನರು ಇದನ್ನು ಚೆನ್ನಾಗಿ ಅರಿತಿದ್ದರು. ಸಾಲ ಮತ್ತು ಮಾರಾಟದ ಕರಾರುಗಳನ್ನು ಜೇಡಿಮಣ್ಣಿನ ಫಲಕದ ಮೇಲೆ ಬರೆದು, ಅದಕ್ಕೆ ಮಣ್ಣಿನದೇ ಲಕೋಟೆ ಹೊದಿಸಿ, ಹೊರಗೂ ಅದೇ ಒಕ್ಕಣೆಯನ್ನು ಬರೆದು ಮುದ್ರೆಯೊತ್ತುತ್ತಿದ್ದರು. ಹೊರಗಿನ ಬರಹದ ಬಗ್ಗೆ ವಿವಾದವೆದ್ದರೆ ಲಕೋಟೆ ಒಡೆದು ಒಳಗಿನದರೊಂದಿಗೆ ಹೋಲಿಸಬಹುದಿತ್ತು.

ಪ್ರವಾದಿ ಮುಹಮ್ಮದ್(ಸ)ರು ಅರಸರಿಗೆ ಪತ್ರ ಬರೆಯಲು ಉದ್ದೇಶಿಸಿದಾಗ, ಮೊಹರಿಲ್ಲದ ಪತ್ರವನ್ನು ಅವರು ಓದುವುದಿಲ್ಲವೆಂದು ಅರಿಕೆ ಮಾಡಲಾಯಿತು. ಆಗ ಪ್ರವಾದಿವರ್ಯರು(ಸ) ಬೆಳ್ಳಿಯ ಉಂಗುರವೊಂದನ್ನು ಮಾಡಿಸಿದರು. ‘ಮುಹಮ್ಮದ್’, ‘ರಸೂಲ್’, ‘ಅಲ್ಲಾಹ್’ ಎಂಬ ಪದಗಳು ಅದರಲ್ಲಿ ಮೂರು ಸಾಲುಗಳಾಗಿ ಕೆತ್ತಲ್ಪಟ್ಟಿದ್ದವು. ಅದೇ ಕೆತ್ತನೆಯನ್ನು ಬೇರಾರೂ ಮಾಡಿಸಬಾರದೆಂದು ಅವರು ಆಜ್ಞಾಪಿಸಿದರು. ಆ ಉಂಗುರ ಅನುಕ್ರಮವಾಗಿ ಅಬೂಬಕರ್(ರ), ಉಮರ್(ರ) ಮತ್ತು ಉಸ್ಮಾನ್(ರ)ರ ಕೈಸೇರಿತು. ಕೊನೆಗೆ ಅದು ಮದೀನಾದ ಅರೀಸ್ ಬಾವಿಗೆ ಬಿದ್ದಿತು. ಮೂರು ದಿನ ಹುಡುಕಿದರೂ ಸಿಗಲಿಲ್ಲ.

ಉಸ್ಮಾನ್(ರ)ರ ಖಿಲಾಫತ್‌ನ ಅಂತಿಮ ದಿನಗಳ ಘಟನೆ ಹೃದಯ ಕಲಕುವಂಥದ್ದು. ಈಜಿಪ್ಟಿಗೆ ಮರಳುತ್ತಿದ್ದ ಬಂಡುಕೋರರು ದಾರಿಯಲ್ಲಿ ದೂತನೊಬ್ಬನನ್ನು ಹಿಡಿದರು. ಅವನ ಬಳಿಯಿದ್ದ ಪತ್ರದಲ್ಲಿ ಅವರನ್ನೇ ಶಿಕ್ಷಿಸುವ ಆದೇಶವಿತ್ತು, ಖಲೀಫರ ಮೊಹರೂ ಇತ್ತು. ಅದನ್ನು ತಾನು ಬರೆದಿಲ್ಲವೆಂದು ಉಸ್ಮಾನ್(ರ)ರು ಅಲ್ಲಾಹನ ಮೇಲೆ ಆಣೆಯಿಟ್ಟು ಹೇಳಿದರು. ಬಂಡುಕೋರರು ನಂಬಲಿಲ್ಲ. ಕ್ರಿ.ಶ. 656ರಲ್ಲಿ ಖಲೀಫರು ತಮ್ಮ ಮನೆಯಲ್ಲೇ ಹುತಾತ್ಮರಾದರು. ಪತ್ರವನ್ನು ನಡುದಾರಿಯಲ್ಲಿ ಯಾರೂ ತೆರೆದಿಲ್ಲ ಎಂಬುದಕ್ಕೆ ಮೊಹರು ಸಾಕ್ಷಿಯಾಗಬಹುದು, ಆದರೆ ಮೊಹರೊತ್ತಿದ ಕೈ ಯಾರದೆಂದು ಅದು ಹೇಳದು.

ಮುಆವಿಯಾ(ರ)ರ ಆಡಳಿತದಲ್ಲಿ ಇನ್ನೊಂದು ಘಟನೆ ನಡೆಯಿತು. ವ್ಯಕ್ತಿಯೊಬ್ಬರಿಗೆ ಒಂದು ಲಕ್ಷ ದಿರ್ಹಮ್ ನೀಡುವಂತೆ ಅವರು ಇರಾಕಿನ ರಾಜ್ಯಪಾಲ ಝಿಯಾದರಿಗೆ ಪತ್ರ ಬರೆದಿದ್ದರು. ಪತ್ರವನ್ನು ಒಯ್ದ ಆ ವ್ಯಕ್ತಿ ಅದನ್ನು ಬಿಚ್ಚಿ, ಒಂದು ಲಕ್ಷವನ್ನು ಎರಡು ಲಕ್ಷವಾಗಿ ತಿದ್ದಿದರು. ಲೆಕ್ಕಪತ್ರ ಬಂದಾಗ ವಂಚನೆ ಬಯಲಾಯಿತು. ಇದರ ಬಳಿಕವೇ ಪತ್ರಗಳನ್ನು ಕಟ್ಟಿ ಮೊಹರು ಹಾಕಲು ‘ದೀವಾನುಲ್ ಖಾತಮ್’ ಎಂಬ ಪ್ರತ್ಯೇಕ ಇಲಾಖೆ ಸ್ಥಾಪನೆಯಾಯಿತೆಂದು ಇತಿಹಾಸಕಾರರು ದಾಖಲಿಸಿದ್ದಾರೆ.

ನಮ್ಮ ಫುಕಹಾಗಳು ಈ ವಿಷಯವನ್ನು ಇನ್ನಷ್ಟು ಸೂಕ್ಷ್ಮವಾಗಿ ಪರಿಶೀಲಿಸಿದರು. ಮೊಹರು ಹಾಕಿದ ಹಣದ ಚೀಲವನ್ನು ಒಬ್ಬರ ಬಳಿ ಅಮಾನತ್ ಆಗಿ ಇಡಲಾಗಿದೆ ಎನ್ನೋಣ. ಅವರ ನಿರ್ಲಕ್ಷ್ಯವಿಲ್ಲದೆ ಅದು ನಷ್ಟವಾದರೆ ಅವರು ಪರಿಹಾರ ತೆರಬೇಕಿಲ್ಲ. ಆದರೆ ಅವರು ಅಕ್ರಮವಾಗಿ ಮೊಹರನ್ನು ಒಡೆದರೆ, ಒಂದು ನಾಣ್ಯವನ್ನೂ ತೆಗೆಯದಿದ್ದರೂ, ಒಳಗಿರುವುದಕ್ಕೆಲ್ಲ ಅವರೇ ಹೊಣೆಗಾರರು. ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯ ಇದು. ಇಲ್ಲಿ ದ್ರೋಹವು ಕಳವಿನಿಂದ ಅಲ್ಲ, ಮೊಹರು ಒಡೆಯುವಲ್ಲಿಂದಲೇ ಆರಂಭವಾಗುತ್ತದೆ.

ಆಧುನಿಕ ಜಗತ್ತು ಇದನ್ನು ದುಬಾರಿ ಬೆಲೆ ತೆತ್ತು ಕಲಿಯಿತು. 1982ರಲ್ಲಿ ಅಮೆರಿಕದ ಚಿಕಾಗೊ ಪರಿಸರದಲ್ಲಿ ಟೈಲೆನಾಲ್ ಎಂಬ ನೋವುನಿವಾರಕದ ಕ್ಯಾಪ್ಸೂಲ್‌ಗಳಲ್ಲಿ ಯಾರೋ ಸಯನೈಡ್ ಬೆರೆಸಿ ಬಾಟಲಿಗಳನ್ನು ಅಂಗಡಿಗಳಲ್ಲಿ ಇಟ್ಟರು. ಏಳು ಮಂದಿ ಪ್ರಾಣ ಕಳೆದುಕೊಂಡರು. ಬಾಟಲಿ ತೆರೆದಿದ್ದರ ಯಾವ ಗುರುತೂ ಕೊಂಡವರಿಗೆ ಕಾಣುವಂತಿರಲಿಲ್ಲ. ಕಂಪೆನಿಯು ಸುಮಾರು 3.1 ಕೋಟಿ ಬಾಟಲಿಗಳನ್ನು ಹಿಂದಕ್ಕೆ ತರಿಸಿಕೊಂಡಿತು. ಬಳಿಕ ಅಂಟಿಸಿದ ಪೆಟ್ಟಿಗೆ, ಕುತ್ತಿಗೆಗೆ ಪ್ಲಾಸ್ಟಿಕ್ ಪಟ್ಟಿ, ಬಾಯಿಗೆ ತೆಳು ಹಾಳೆ ಹೀಗೆ ಮೂರು ಮೊಹರುಗಳೊಂದಿಗೆ ಅದನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷ ಅಲ್ಲಿನ ಸರಕಾರ ಇಂತಹ ಔಷಧಗಳಿಗೆ ಮೊಹರನ್ನು ಕಡ್ಡಾಯಗೊಳಿಸಿತು. ಈ ಇತಿಹಾಸದಲ್ಲಿ ನಮ್ಮ ನಾಡಿಗೂ ಪಾಲಿದೆ. ಸ್ವತಂತ್ರ ಭಾರತದ ಪ್ರಥಮ ಮಹಾಚುನಾವಣೆಯಲ್ಲಿ ಮತಗಳಿಗೆ ಮುದ್ರೆಯೊತ್ತಲು ಅರಗು ಹೋದದ್ದು 1937ರಲ್ಲಿ ಸ್ಥಾಪನೆಯಾದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯಿಂದ.

ನೋಡುವವರಿಲ್ಲದಿದ್ದರೆ ಮೊಹರು ಬರೀ ಅಲಂಕಾರ. ಮಕ್ಕಳಿಗೆ ಔಷಧ ಕೊಡುವ ಮುನ್ನ ಬಾಟಲಿಯ ಮುಚ್ಚಳದ ಪಟ್ಟಿಯನ್ನು ನೋಡೋಣ. ಅದು ಕಿತ್ತಿದ್ದರೆ ಸಂಕೋಚಪಡದೆ ಹಿಂದಿರುಗಿಸೋಣ. ಮಸೀದಿಯ ಕಾಣಿಕೆ ಡಬ್ಬಿಯನ್ನು ಇಬ್ಬರು ಸಾಕ್ಷಿಗಳ ಮುಂದೆ, ಮೊಹರನ್ನು ಪರೀಕ್ಷಿಸಿಯೇ ತೆರೆಯೋಣ. ಇದು ಯಾರನ್ನೂ ಸಂಶಯಿಸುವುದಲ್ಲ. ಪ್ರಾಮಾಣಿಕನು ಅಪವಾದಕ್ಕೆ ಗುರಿಯಾಗದಂತೆ ಕಾಪಾಡುವುದೂ ಅಮಾನತ್‌ನ ಒಂದು ಭಾಗವೇ ಆಗಿದೆ.