ಕುಂಪಣಿಯಿಂದ ಕಂಪನಿಗೆ: ಒಂದು ಶಬ್ದದ ಚರಿತ್ರೆ

(ರಿಗ್ಗೈಯಲ್ಲಿ ಸೇರಿದ್ದ ಕನ್ನಡಿಗರ ಸಭೆಯಲ್ಲಿ ಮಾಡಿದ ಅತಿಥಿ ಉಪನ್ಯಾಸದ ಪಾಠ)



ಕೊಲ್ಲಿ ನಾಡಿನಲ್ಲಿ ಇಬ್ಬರು ಕನ್ನಡಿಗರು ಮೊದಲ ಬಾರಿಗೆ ಭೇಟಿಯಾದಾಗ ‘ಯಾವ ಊರು?’ ಎಂಬ ಪ್ರಶ್ನೆಯ ಬೆನ್ನಿಗೇ ‘ಯಾವ ಕಂಪನಿ?’ ಎಂಬ ಪ್ರಶ್ನೆ ಬರುವುದು ವಾಡಿಕೆ. ಊರಿನ ಹೆಸರಿನಷ್ಟೇ ಸಹಜವಾಗಿ ನಮ್ಮ ಗುರುತಿನ ಭಾಗವಾಗಿರುವ ಈ ಇಂಗ್ಲಿಷ್ ಶಬ್ದದಲ್ಲಿ ಕನ್ನಡ ನಾಡಿನ ಇನ್ನೂರು ವರ್ಷಗಳಿಗೂ ಮಿಕ್ಕಿದ ಇತಿಹಾಸ ಅಡಗಿದೆ. ಅದನ್ನು ನಾವಿಂದು ಸಂಕ್ಷೇಪವಾಗಿ ಪರಿಶೀಲಿಸೋಣ.

ಶಬ್ದದ ಮೂಲ ಲ್ಯಾಟಿನ್. ಆ ಭಾಷೆಯಲ್ಲಿ ‘ಕಾಮ್’ ಎಂದರೆ ಕೂಡ, ‘ಪಾನಿಸ್’ ಎಂದರೆ ರೊಟ್ಟಿ. ರೊಟ್ಟಿಯನ್ನು ಹಂಚಿಕೊಂಡು ಉಣ್ಣುವವರು ಎಂಬ ಈ ಭಾವವೇ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು, ಮುಂದೆ ಸಹವಾಸ, ಸೈನ್ಯದ ತುಕಡಿ, ವರ್ತಕರ ಪಾಲುದಾರಿಕೆ ಎಂಬ ಅರ್ಥಗಳಾಗಿ ಕವಲೊಡೆಯಿತು.

ಆದರೆ ನಮ್ಮ ಪೂರ್ವಜರು ಈ ಶಬ್ದವನ್ನು ಕೇಳಿದ್ದು ರೊಟ್ಟಿ ಹಂಚುವವರ ಹೆಸರಾಗಿ ಅಲ್ಲ, ಆಳುವವರ ಹೆಸರಾಗಿ. 1600ರಲ್ಲಿ ಲಂಡನ್ನಿನ ವರ್ತಕರು ಕಟ್ಟಿದ ಈಸ್ಟ್ ಇಂಡಿಯಾ ಕಂಪನಿ 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಕೆನರಾ ಜಿಲ್ಲೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಜನರ ಬಾಯಿಯಲ್ಲಿ ಅದು ‘ಕುಂಪಣಿ ಸರಕಾರ’ವಾಯಿತು. 1824ರಲ್ಲಿ ಕಿತ್ತೂರು ಕಾದಾಡಿದ್ದು, 1837ರಲ್ಲಿ ಸುಳ್ಯ-ಕೊಡಗಿನ ರೈತರು ದಂಗೆ ಎದ್ದದ್ದು ಈ ಕುಂಪಣಿಯ ವಿರುದ್ಧ. ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು ಧಿಕ್ಕರಿಸಿ 1857ರಲ್ಲಿ ಹಲಗಲಿಯ ಬೇಡರು ಬಂಡೆದ್ದ ಕಥೆಯನ್ನು ಹೇಳುವ ಲಾವಣಿಯಲ್ಲಿಯೂ ಕುಂಪಣಿಯ ಹೆಸರಿದೆ. 1858ರಲ್ಲಿ ಅಧಿಕಾರ ಬ್ರಿಟನ್ನಿನ ರಾಣಿಯ ಕೈಸೇರಿತಾದರೂ ಶಬ್ದ ಮಾತ್ರ ನಾಡಿನಲ್ಲೇ ಉಳಿಯಿತು.

ನಾವು ಇಂದು ಸೇರಿರುವ ಈ ನೆಲಕ್ಕೂ ಅದೇ ಕುಂಪಣಿಯ ನಂಟುಂಟು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ರಾಜ್ಯದ ಅರ್ಧಭಾಗವನ್ನು ಕುಂಪಣಿ ಮತ್ತು ಅದರ ಮಿತ್ರರು ಹಂಚಿಕೊಂಡರು. ಮರುವರ್ಷವೇ, ಬಸ್ರಾದಲ್ಲಿ ತುರ್ಕಿ ಅಧಿಕಾರಿಗಳೊಡನೆ ಮನಸ್ತಾಪವುಂಟಾಗಿ, ಕುಂಪಣಿಯ ಅಲ್ಲಿನ ಕೋಠಿ ಕುವೈತಿಗೆ ಸ್ಥಳಾಂತರಗೊಂಡು 1795ರವರೆಗೆ ಇಲ್ಲಿಯೇ ಇದ್ದಿತು.

ಕನ್ನಡದಲ್ಲಿ ಈ ಶಬ್ದಕ್ಕೆ ಪ್ರೀತಿಯ ಅರ್ಥವನ್ನು ತಂದುಕೊಟ್ಟದ್ದು ರಂಗಭೂಮಿ. 1884ರಲ್ಲಿ ಹುಟ್ಟಿದ ಗುಬ್ಬಿ ಸಂಸ್ಥೆಯ ಹೆಸರು ಚನ್ನಬಸವೇಶ್ವರ ನಾಟಕ ಸಂಘ. ಏಣಗಿ ಬಾಳಪ್ಪನವರದು ಕಲಾವೈಭವ ನಾಟ್ಯ ಸಂಘ. ಫಲಕಗಳ ಮೇಲೆ ಸಂಘ, ಸಭಾ, ಮಂಡಳಿ ಎಂದಿದ್ದರೂ ಪ್ರೇಕ್ಷಕರಿಗೆ ಅವೆಲ್ಲವೂ ‘ಕಂಪನಿ’ಗಳೇ. ಊರಿಂದೂರಿಗೆ ಪರದೆ, ಪೆಟ್ಟಿಗೆಗಳನ್ನು ಹೊತ್ತು ತಿರುಗುತ್ತಿದ್ದ ಈ ಕಂಪನಿಗಳಲ್ಲಿ ರಾಜನ ಪಾತ್ರಧಾರಿಗೂ ಪರದೆ ಎಳೆಯುವವನಿಗೂ ಒಂದೇ ಅಡಿಗೆಮನೆ. ಬಾಲಕ ರಾಜಕುಮಾರ್ ಬೆಳೆದದ್ದು ತಂದೆ ಪುಟ್ಟಸ್ವಾಮಯ್ಯನವರೊಡನೆ ಗುಬ್ಬಿ ಕಂಪನಿಯ ಆಶ್ರಯದಲ್ಲಿ. ಲ್ಯಾಟಿನ್ ಅರಿಯದ ನಮ್ಮ ಜನ ಶಬ್ದದ ಮೂಲಾರ್ಥವನ್ನು ಹೀಗೆ ಬಾಳಿ ತೋರಿಸಿದರು. ಪೇಟೆಯಲ್ಲಿ ‘ಕಂಪನಿ ಮಾಲು’ ಎಂದರೆ ಅಸಲಿ ಸರಕು. ಗೆಳೆಯನೊಡನೆ ಸುಮ್ಮನೆ ಕುಳಿತರೆ ಅದು ‘ಕಂಪನಿ ಕೊಡುವುದು’. ಇವೆಲ್ಲವೂ ಇಂದು ಕನ್ನಡವೇ.

ಮರಳುಗಾಡಿನ ಅಧ್ಯಾಯ ತೈಲದಿಂದ ಆರಂಭವಾಗುತ್ತದೆ. 1934ರಲ್ಲಿ ಕುವೈತ್ ಆಯಿಲ್ ಕಂಪನಿ ಸ್ಥಾಪನೆಯಾಯಿತು. 1938ರಲ್ಲಿ ಬುರ್ಗಾನಿನಲ್ಲಿ ತೈಲ ದೊರೆತು, 1946ರಲ್ಲಿ ಮೊದಲ ಹಡಗು ಹೊರಟಿತು. ಅಂದಿನಿಂದ ಈ ನಾಡಿಗೆ ದುಡಿಯಲು ಬಂದವರಿಗೆ ಕಂಪನಿಯೆಂದರೆ ವೀಸಾ, ಇಕಾಮಾ, ವಸತಿ, ಸಂಬಳ ಎಲ್ಲವೂ. ಕೆಲಸ ಹೋದರೆ ಇಕಾಮಾವೂ ಹೋದೀತೆಂಬ ಆತಂಕವನ್ನು ಈ ಸಭೆಗೆ ನಾವು ವಿವರಿಸಬೇಕಾಗಿಲ್ಲ.

ಆ ಆತಂಕ ಒಮ್ಮೆಗೇ ಎಲ್ಲರ ಪಾಲಿಗೂ ನಿಜವಾದದ್ದು 1990ರ ಆಗಸ್ಟ್ 2ರಂದು. ಇರಾಕಿನ ಸೈನ್ಯ ನುಗ್ಗಿದಾಗ ಕಚೇರಿಗಳು ಮುಚ್ಚಿದವು, ಸಂಬಳ ನಿಂತಿತು, ಹಲವರ ಪಾಸ್‌ಪೋರ್ಟುಗಳು ಮಾಲೀಕರ ಬಳಿಯೇ ಉಳಿದವು. ಕಂಪನಿಗಳು ಇಲ್ಲವಾದಾಗ ಜನರನ್ನು ಕಾಪಾಡಿದ್ದು ಆ ಶಬ್ದದ ಮೊದಲ ಅರ್ಥ. ಇದ್ದ ಅಕ್ಕಿ, ಬೇಳೆ, ಕುಬ್ಬೂಸುಗಳನ್ನು ಊರು, ಭಾಷೆ, ಮತಗಳನ್ನು ಕೇಳದೆ ಹಂಚಿಕೊಂಡು ದಿನಗಳನ್ನು ನೂಕಿದರು. ಬಾಗ್ದಾದಿನ ಹಾದಿಯಾಗಿ ಅಮ್ಮಾನ್ ತಲುಪಿದ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಏರ್ ಇಂಡಿಯಾ ವಿಮಾನಗಳು ತಾಯ್ನಾಡಿಗೆ ಕರೆತಂದವು. 1991ರ ಫೆಬ್ರವರಿಯಲ್ಲಿ ಕುವೈತ್ ವಿಮೋಚನೆಗೊಂಡ ಬಳಿಕ ಅನೇಕರು ಮರಳಿ ಬಂದು ಮೊದಲಿನಿಂದ ಬದುಕು ಕಟ್ಟಿದರು.

ಕಂಪನಿಗೆ ಕನ್ನಡದಲ್ಲೇನೆನ್ನಬೇಕೆಂದು ಇಲ್ಲಿ ಬೆಳೆಯುವ ಮಕ್ಕಳು ಕೇಳಬಹುದು. ಸಂಸ್ಥೆ, ಸಂಘ, ತುಕಡಿ, ಒಡನಾಟ ಎಂದು ಸಂದರ್ಭಕ್ಕೊಂದು ಉತ್ತರವಿದೆ. ಮೂಲಾರ್ಥಕ್ಕೆ ಅತಿ ಸಮೀಪದ್ದು ‘ಕೂಟ’ವೆಂದು ನಮ್ಮ ಭಾವನೆ, ‘ಕೂಡು’ ಎಂಬ ಧಾತುವಿನಿಂದ ಬಂದ ಆ ಪದ ಊಟಕ್ಕೂ ಸಲ್ಲುತ್ತದೆ, ಸಂಘಕ್ಕೂ ಸಲ್ಲುತ್ತದೆ.

ಕಂಪನಿಗಳ ಇತಿಹಾಸ ಅವುಗಳ ಕಡತಗಳಲ್ಲಿರುತ್ತದೆ. ಆದರೆ 1990ರಲ್ಲಿ ಯಾರು ಯಾರಿಗೆ ಅನ್ನವಿಟ್ಟರೆಂಬುದು ಯಾವ ಕಡತದಲ್ಲಿಯೂ ಇಲ್ಲ. ಅದು ಆ ದಿನಗಳನ್ನು ಕಂಡವರ ನೆನಪಿನಲ್ಲಷ್ಟೇ ಇದೆ. ಆ ಪೀಳಿಗೆಯ ಹಿರಿಯರು ಒಬ್ಬೊಬ್ಬರಾಗಿ ಊರಿಗೆ ಮರಳುತ್ತಿದ್ದಾರೆ. ಅವರು ತಮ್ಮ ಅನುಭವಗಳನ್ನು ಕನ್ನಡದಲ್ಲಿ ಬರೆದಿಡಲಿ, ಬರೆಯಲಾಗದವರ ಮಾತನ್ನು ಕಿರಿಯರು ಬರೆದುಕೊಳ್ಳಲಿ ಎಂಬ ವಿನಂತಿಯೊಡನೆ ನಾವು ಈ ಮಾತುಗಳನ್ನು ಮುಗಿಸುತ್ತೇವೆ.