ಕನಕಗಿರಿಯ ಅಕ್ಕಿಕಾಳು

ನಂಜನಗೂಡಿನಿಂದ ಚಾಮರಾಜನಗರದ ದಾರಿ ಹಿಡಿದರೆ ಕವಲಂದೆ ಸಿಗುತ್ತದೆ. ಅಲ್ಲಿಂದ ಮಲೆಯೂರು ದೂರವಿಲ್ಲ. ಅದರ ಬೆಟ್ಟವೇ ಕನಕಗಿರಿ. ಮೇಲೆ ಪಾರ್ಶ್ವನಾಥ ಬಸದಿ, ಬಂಡೆಗಳ ಮೇಲೆ ಕೊರೆದ ಪಾದಗಳು.

ತಿ. ನರಸೀಪುರ ತಾಲ್ಲೂಕಿನ ತಲಕಾಡಿನಿಂದ ಗಂಗರು ಆಳುತ್ತಿದ್ದ ಕಾಲದಿಂದಲೂ ಈ ಸೀಮೆಗೆ ಜೈನರ ನಂಟಿದೆ. ಜೈನ ಆಚಾರ್ಯ ಪೂಜ್ಯಪಾದರು ಇಲ್ಲಿದ್ದರೆಂಬುದು ಬೆಟ್ಟದ ಐತಿಹ್ಯ. ಜೈನ ತತ್ತ್ವಗಳನ್ನು ಸೂತ್ರಗಳಲ್ಲಿ ಹೇಳುವ ತತ್ತ್ವಾರ್ಥಸೂತ್ರಕ್ಕೆ ಅವರು ಬರೆದ ವ್ಯಾಖ್ಯಾನ ‘ಸರ್ವಾರ್ಥಸಿದ್ಧಿ’. ಆ ತತ್ತ್ವಗಳ ಪ್ರಕಾರ ಜೈನರಿಗೆ ಕರ್ಮ ಹಣೆಬರಹವಲ್ಲ, ಆತ್ಮಕ್ಕೆ ಅಂಟುವ ಸೂಕ್ಷ್ಮ ದ್ರವ್ಯ. ಕಾವೇರಿ–ಕಪಿಲೆ ಸಂಗಮದ ಅಂಬಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ದೋಣಿಯ ತೂತಿನಿಂದ ನೀರು ನುಗ್ಗುವುದು ಆಸ್ರವ, ತೂತು ಮುಚ್ಚುವುದು ಸಂವರ, ಒಳಗಿನ ನೀರು ಮೊಗೆದು ಚೆಲ್ಲುವುದು ನಿರ್ಜರೆ.

ಬಸದಿಯಲ್ಲಿ ಇದೇ ಮಾತನ್ನು ಅಕ್ಕಿ ಹೇಳುತ್ತದೆ. ಭಕ್ತರು ಮಣೆಯ ಮೇಲೆ ಅಕ್ಕಿಯಲ್ಲಿ ಸ್ವಸ್ತಿಕ ಬರೆಯುತ್ತಾರೆ. ನಾಲ್ಕು ತೋಳು ಜೀವ ಹುಟ್ಟುವ ದೇವ, ಮನುಷ್ಯ, ತಿರ್ಯಂಚ (ಪ್ರಾಣಿ, ಸಸ್ಯ), ನರಕ ಗತಿಗಳು. ಮೇಲಿನ ಮೂರು ಗುಂಪು ರತ್ನತ್ರಯ: ಸರಿಯಾದ ನಂಬಿಕೆ, ಅರಿವು, ನಡತೆ. ಅದರ ಮೇಲಿನ ಅರ್ಧಚಂದ್ರ ಮುಕ್ತಾತ್ಮರ ನೆಲೆಯಾದ ಸಿದ್ಧಶಿಲೆ. ಅಕ್ಕಿಯೇ ಏಕೆ? ಹೊಟ್ಟು ಕಳಚಿದ ಕಾಳು ಮತ್ತೆ ಮೊಳೆಯದು; ಕರ್ಮ ಕಳಚಿದ ಆತ್ಮವೂ ಮತ್ತೆ ಹುಟ್ಟದು. ಭತ್ತದ ಗದ್ದೆಗಳ ಈ ನಾಡಿಗೆ ಇದಕ್ಕಿಂತ ಹತ್ತಿರದ ಉಪಮೆ ಬೇಕೆ!

ಇದೇ ಕನಕಗಿರಿಯ ದೇವಚಂದ್ರ 19ನೇ ಶತಮಾನದಲ್ಲಿ ‘ರಾಜಾವಳಿ ಕಥೆ’ ಬರೆದ. ಮೈಸೂರು ಸೀಮೆಯ ಸರ್ವೆಗೆ ಬಂದಿದ್ದ ಕಾಲಿನ್ ಮೆಕೆಂಜಿಗೆ ಹಳೆಯ ಸಂಗತಿಗಳನ್ನು ಒದಗಿಸಿದವನೂ ಅವನೇ. ಪುರಾಣ, ಇತಿಹಾಸ ಎರಡನ್ನೂ ಒಂದೇ ಒನಕೆಯಲ್ಲಿ ಕುಟ್ಟಿದ ಆ ಪುಸ್ತಕದಿಂದ ಹೊಟ್ಟು ಕೇರುವ ಕೆಲಸ ವಿದ್ವಾಂಸರಿಗೆ ಇನ್ನೂ ಮುಗಿದಿಲ್ಲ.