ಜೇನು ತೋರುವ ಹಕ್ಕಿ ಮತ್ತು ಪಾಲಿನ ಪ್ರಶ್ನೆ

ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ, ಇಂದಿನ ಮೊಜಾಂಬಿಕ್ ದೇಶದ ಸೊಫಾಲದಲ್ಲಿದ್ದ ಪೋರ್ಚುಗೀಸ್ ಪಾದ್ರಿ ಜೊವಾವ್ ದೊಸ್ ಸಾಂತೋಸ್ ಅವರು ಒಂದು ಸೋಜಿಗವನ್ನು ಕಂಡರು. ಸಣ್ಣ ಹಕ್ಕಿಯೊಂದು ಚರ್ಚಿನೊಳಗೆ ಬಂದು ಮೇಣದ ಬತ್ತಿಯನ್ನು ಕುಕ್ಕಿ ತಿನ್ನುತ್ತಿತ್ತು. ಇದೇ ಹಕ್ಕಿ ಕಾಡಿನಲ್ಲಿ ಜನರನ್ನು ಜೇನುಗೂಡಿನ ಬಳಿಗೆ ಕರೆದೊಯ್ಯುತ್ತದೆಂದು 1609ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ದಾಖಲಿಸಿದರು.

ಈ ಸಹಕಾರದ ಮರ್ಮ ಸರಳವಾದುದು. ಗೂಡು ಎಲ್ಲಿದೆಯೆಂಬುದನ್ನು ಹಕ್ಕಿ ಬಲ್ಲದು. ಆದರೆ ಮರದ ಪೊಟರೆಯನ್ನು ತೆರೆಯಲಾರದು. ಮನುಷ್ಯನ ಕೈಯಲ್ಲಿ ಬೆಂಕಿಯೂ ಕೊಡಲಿಯೂ ಇವೆ, ಗೂಡಿನ ಸುಳಿವಿಲ್ಲ. ಜೇನು ಮನುಷ್ಯನಿಗೆ, ಮೇಣ ಮತ್ತು ಮರಿಹುಳುಗಳು ಹಕ್ಕಿಗೆ. ಉತ್ತರ ಕೆನ್ಯಾದ ಬೋರಾನ ಜನರ ನಡುವೆ ಇಸಾಕ್ ಮತ್ತು ರೇಯರ್ ಎಂಬ ವಿದ್ವಾಂಸರು ನಡೆಸಿದ ಅಧ್ಯಯನ 1989ರಲ್ಲಿ ಪ್ರಕಟವಾಯಿತು. ಅದರಂತೆ, ಹಕ್ಕಿಯ ನೆರವಿಲ್ಲದೆ ಗೂಡೊಂದನ್ನು ಹುಡುಕಲು ಸರಾಸರಿ 8.9 ಗಂಟೆ ಬೇಕಾದರೆ, ನೆರವಿದ್ದಾಗ 3.2 ಗಂಟೆ ಸಾಕು.

ಟಾಂಜಾನಿಯಾದ ಎಯಾಸಿ ಸರೋವರದ ಸುತ್ತ ಬೇಟೆ ಮತ್ತು ಸಂಗ್ರಹಣೆಯಿಂದ ಜೀವಿಸುವ ಹಾಡ್ಜಾ ಜನರು ಸಿಳ್ಳು ಹಾಕಿ ಈ ಹಕ್ಕಿಯನ್ನು ಕರೆಯುತ್ತಾರೆ. ಮೊಜಾಂಬಿಕ್‌ನ ಯಾವೊ ಜನರದು ಕಂಪಿಸುವ ದನಿ, ಕೊನೆಗೊಂದು ಹೂಂಕಾರ. ಹಕ್ಕಿಗಳು ತಮ್ಮ ನೆಲದ ಕರೆಗೇ ಹೆಚ್ಚು ಓಗೊಡುತ್ತವೆಂದು 2023ರ ಅಧ್ಯಯನವೊಂದು ತೋರಿಸಿದೆ.

ಆದರೆ ಇದನ್ನು ನಿಷ್ಕಳಂಕ ಮೈತ್ರಿಯೆಂದು ಕೊಂಡಾಡುವ ಮುನ್ನ ಯೋಚಿಸಬೇಕು. ಈ ಹಕ್ಕಿ ಪರರ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಅದರ ಮರಿ ಕೊಕ್ಕೆಯಂಥ ಕೊಕ್ಕಿನಿಂದ ಆ ಗೂಡಿನ ಮರಿಗಳನ್ನು ಕೊಲ್ಲುತ್ತದೆ. ಯಾವೊ ಜನರು ಮೇಣವನ್ನು ಹಕ್ಕಿಗೆಂದು ತೆಗೆದಿರಿಸುತ್ತಾರೆ. ಹಾಡ್ಜಾ ಜನರಾದರೋ ಹಲವೊಮ್ಮೆ ಅದನ್ನು ಸುಡುತ್ತಾರೆ ಇಲ್ಲವೆ ಹೂಳುತ್ತಾರೆ. ಹಸಿದ ಹಕ್ಕಿ ಮುಂದಿನ ಗೂಡನ್ನೂ ತೋರೀತೆಂಬುದು ಅವರ ಎಣಿಕೆ. ಇನ್ನು ಜೇನುನೊಣಗಳ ಪಾಲನ್ನು ಕೇಳುವವರಾರು? ಇಬ್ಬರ ಒಡಂಬಡಿಕೆಯಲ್ಲಿ ಮನೆ ಕಳೆದುಕೊಳ್ಳುವ ಮೂರನೆಯ ಜೀವ ಅದು. ಮಧುತ್ಯಾಗವನ್ನು ಶ್ರಾವಕನ ಮೂಲಗುಣಗಳಲ್ಲಿ ಎಣಿಸುವ ನಮ್ಮ ಕಣ್ಣಿಗೆ ಇದು ಮೊದಲೇ ಬೀಳುತ್ತದೆ.

ಹಾಗೆಂದು ಆ ಜನರನ್ನು ಹಳಿಯುವುದೂ ಉಚಿತವಲ್ಲ. ಅಂಗಡಿಯ ಸಕ್ಕರೆ ಬಂದು ಕಾಡುಜೇನಿನ ಸಂಗ್ರಹ ನಿಂತ ಕಡೆಗಳಲ್ಲಿ ಈ ಸಹಕಾರವೂ ಕ್ಷೀಣಿಸಿದೆ. ಆದರೆ ಅಲ್ಲಿ ಜೇನನ್ನು ಬಿಡಿಸಿದ್ದು ಕರುಣೆಯಲ್ಲ, ಸೌಲಭ್ಯ. ಬಿಡುವುದೆಲ್ಲವೂ ತ್ಯಾಗವಾಗದು, ಯಾವ ಜೀವಕ್ಕಾಗಿ ಬಿಟ್ಟೆವೆಂಬ ಅರಿವಿದ್ದಾಗಲೇ ಅದು ವ್ರತವಾಗುತ್ತದೆ.